ದಿನಕ್ಕೆ ಎರಡು ಗುಂಟೆ: ಕೈದಿ ಜೇಮ್ಸ್ ರೂಸ್‌ನ ಹೊಲ

ಸಿಡ್ನಿಯಲ್ಲಿ ನೆಲೆಸಿರುವ ನಮ್ಮವರ ಮನೆಯಲ್ಲಿ ಹತ್ತು-ಹನ್ನೊಂದು ವರ್ಷದ ಮಗು ಇದ್ದರೆ ‘ಜೇಮ್ಸ್ ರೂಸ್’ ಎಂಬ ಹೆಸರು ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಅದು ಕಾರ್ಲಿಂಗ್‌ಫರ್ಡ್‌ನಲ್ಲಿರುವ ಸರ್ಕಾರಿ ಹೈಸ್ಕೂಲು. ಪರೀಕ್ಷೆ ಬರೆದು ಸೀಟು ಹಿಡಿಯಬೇಕು. ಅದಕ್ಕೆ ಟ್ಯೂಷನ್, ಶನಿವಾರ ಭಾನುವಾರವೂ ಕ್ಲಾಸು. ಶಾಲೆಯ ಪೂರ್ತಿ ಹೆಸರಿನಲ್ಲಿ ‘ಕೃಷಿ’ ಎಂಬ ಮಾತಿದೆ. ಸೀಟಿನ ಗಡಿಬಿಡಿಯಲ್ಲಿ ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಆ ಹೆಸರಿನ ಮನುಷ್ಯ ಒಬ್ಬ ಕೈದಿ. ಮನೆ ಕನ್ನ ಹಾಕಿ ಸಿಕ್ಕಿಬಿದ್ದವನು. ನಮ್ಮಲ್ಲಿ ಅಂಡಮಾನಿಗೆ ಕಳಿಸುವುದನ್ನು ‘ಕರಿನೀರಿನ ಶಿಕ್ಷೆ’ ಅಂದರಲ್ಲ, ಅಂಥದೇ ಶಿಕ್ಷೆಯಲ್ಲಿ ಇಂಗ್ಲೆಂಡಿನಿಂದ ಭೂಮಿಯ ಆ ತುದಿಗೆ ಹೋದವನು. 1788ರಿಂದ 1868ರವರೆಗೆ ಹೀಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು ಸುಮಾರು 1,62,000. ಹೆಚ್ಚಿನವರ ಬಗ್ಗೆ ದಾಖಲೆಯಲ್ಲಿ ಉಳಿದಿರುವುದು ಹೆಸರು, ಅಪರಾಧ, ಹಡಗು, ತಿಂದ ಛಡಿಯೇಟಿನ ಲೆಕ್ಕ ಅಷ್ಟೆ. ರೂಸ್‌ನ ವಿಷಯ ಬೇರೆ. ಅವನು ಗುದ್ದಲಿ ಹಿಡಿದು ದಿನಕ್ಕೆ ಎಷ್ಟು ನೆಲ ಅಗೆಯುತ್ತಿದ್ದ ಎಂಬುದೂ ನಮಗೆ ಗೊತ್ತು. ಈ ಬರಹಕ್ಕೆ ಅವನ ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕೇ.

ಎರಡು ಗಡಿಯಾರ

ರೂಸ್ ಹುಟ್ಟಿದ್ದು 1759ರಲ್ಲಿ, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ. ಲಾನ್ಸೆಸ್ಟನ್ ಹತ್ತಿರ ಹೊಲಗೆಲಸ ಮಾಡಿಕೊಂಡೇ ಬೆಳೆದ. 1782ರ ಜುಲೈನಲ್ಲಿ ಬಾಡ್ಮಿನ್ ಊರಿನ ಕೋರ್ಟಿನಲ್ಲಿ ಅವನ ವಿಚಾರಣೆ ನಡೆಯಿತು. ಒಂದು ಮನೆಗೆ ನುಗ್ಗಿ 5 ಪೌಂಡ್ ಬೆಲೆಯ ಎರಡು ಬೆಳ್ಳಿ ಗಡಿಯಾರ, ಜೊತೆಗೆ ಇನ್ನಷ್ಟು ಸಣ್ಣಪುಟ್ಟ ಸಾಮಾನು ಕದ್ದ ಎಂಬುದು ಆರೋಪ. ತೀರ್ಪು: ಗಲ್ಲು. ಆಮೇಲೆ ಅದನ್ನು ಇಳಿಸಿ ಏಳು ವರ್ಷ ದೇಶದಾಚೆ ಸಾಗಿಸುವ ಶಿಕ್ಷೆ ಮಾಡಿದರು. ಎಲ್ಲಿಗೆ? ಆಫ್ರಿಕಾಕ್ಕೆ ಎಂದು ಬರೆದರು. ಅಲ್ಲಿವರೆಗೆ ಬ್ರಿಟನ್ ತನ್ನ ಕೈದಿಗಳನ್ನು ತಳ್ಳುತ್ತಿದ್ದದ್ದು ಅಮೆರಿಕಕ್ಕೆ. ಅಮೆರಿಕದ ಜೊತೆ ಯುದ್ಧ ಶುರುವಾಗಿ ಆ ಬಾಗಿಲು ಮುಚ್ಚಿತ್ತು.

ಆಫ್ರಿಕಾಕ್ಕೂ ಕಳಿಸಲಿಲ್ಲ. ಪ್ಲಿಮತ್ ಬಂದರಿನಲ್ಲಿ ಲಂಗರು ಹಾಕಿದ್ದ ‘ಡನ್‌ಕರ್ಕ್’ ಎಂಬ ಹಳೇ ಹಡಗೇ ಅವನ ಜೈಲಾಯಿತು. ಸಮುದ್ರಕ್ಕೆ ಹೋಗಲಾರದ, ತೀರದಲ್ಲೇ ಕೊಳೆಯುವ ಹಡಗು. ವರ್ಷಗಳು ಅಲ್ಲೇ ಕಳೆದವು. ಇಲ್ಲೊಂದು ಲೆಕ್ಕ ಗಮನಿಸಬೇಕು. ಏಳು ವರ್ಷದ ಶಿಕ್ಷೆ ಶುರುವಾಗುವುದು ತೀರ್ಪಿನ ದಿನದಿಂದ, ಹಡಗು ಹತ್ತಿದ ದಿನದಿಂದಲ್ಲ. 1787ರ ಮೇ 13ರಂದು ಹನ್ನೊಂದು ಹಡಗುಗಳ ಮೊದಲ ತಂಡ ಇಂಗ್ಲೆಂಡ್ ಬಿಟ್ಟಿತು. ರೂಸ್ ಇದ್ದದ್ದು ‘ಸ್ಕಾರ್‌ಬರೋ’ ಹಡಗಿನಲ್ಲಿ. 1788ರ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ಲಂಗರು ಬಿದ್ದಾಗ ಅವನ ಶಿಕ್ಷೆಯಲ್ಲಿ ಉಳಿದದ್ದು ಬರೀ ಒಂದೂವರೆ ವರ್ಷ. ವಾಪಸ್ ಹೋಗಲು ಹಡಗಿಲ್ಲ, ದುಡ್ಡಿಲ್ಲ. ಹೇಳಿದ್ದು ಏಳು ವರ್ಷ, ಆದದ್ದು ಜೀವಮಾನ. ಹೆಚ್ಚಿನ ಕೈದಿಗಳದ್ದೂ ಇದೇ ಕಥೆ.

ಅಂದು ಒಬ್ಬ ಅಧಿಕಾರಿಯನ್ನು ಬೆನ್ನ ಮೇಲೆ ಹೊತ್ತು ದಡಕ್ಕಿಳಿಸಿದವನು ತಾನೇ, ಹಾಗಾಗಿ ಈ ನೆಲಕ್ಕೆ ಮೊದಲು ಕಾಲಿಟ್ಟವನೂ ತಾನೇ ಎಂದು ರೂಸ್ ಮುಂದೆ ಹೇಳಿಕೊಳ್ಳುತ್ತಿದ್ದನಂತೆ. ‘ಮೊದಲು ನಾನೇ’ ಎನ್ನುವ ಚಟ ಅವನಿಗೆ ಕೊನೆಯವರೆಗೂ ಇತ್ತು. ಅದು ಮತ್ತೆ ಬರುತ್ತದೆ.

ಹುಳದ ಅಕ್ಕಿ

ಬಂದವರಲ್ಲಿ ಬೇಸಾಯ ಬಲ್ಲವರು ತೀರಾ ಕಡಿಮೆ. ಲಂಡನ್ನಿನ ಗಲ್ಲಿಯ ಕಿಸೆಗಳ್ಳನಿಗೆ ಗುದ್ದಲಿ ಕೊಟ್ಟು ಕಾಡು ಕಡಿ ಎಂದರೆ ಏನಾಗಬೇಕೋ ಅದೇ ಆಯಿತು. ಮರಗಳೋ ಕಬ್ಬಿಣದಂಥವು. ಇಂಗ್ಲೆಂಡಿನಿಂದ ಬಂದ ಕೊಡಲಿಗಳು ಕಳಪೆ, ಬಾಯಿ ಮುರಿಯುತ್ತಿದ್ದವು. ಉಳಲು ನೇಗಿಲೂ ಇಲ್ಲ, ಎತ್ತೂ ಇಲ್ಲ. ದಾರಿಯಲ್ಲಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಕೊಂಡು ತಂದಿದ್ದ ಬೆರಳೆಣಿಕೆಯ ದನಗಳು ಮೊದಲ ವರ್ಷವೇ ಕಾಡಿಗೆ ತಪ್ಪಿಸಿಕೊಂಡು ಹೋದವು. (ಏಳು ವರ್ಷ ಬಿಟ್ಟು, 1795ರಲ್ಲಿ, ನದಿಯಾಚೆ ಅವುಗಳ ಸಂತಾನ ಅರವತ್ತಕ್ಕೂ ಜಾಸ್ತಿಯಾಗಿ ಮೇಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಮನುಷ್ಯರಿಗಿಂತ ದನಗಳೇ ಆ ನೆಲಕ್ಕೆ ಬೇಗ ಹೊಂದಿಕೊಂಡವು ಅನ್ನಿ.)

ಸಿಡ್ನಿಯ ಮಣ್ಣು ಕೈಕೊಟ್ಟ ಮೇಲೆ ಗವರ್ನರ್ ಆರ್ಥರ್ ಫಿಲಿಪ್ ಒಳನಾಡಿನ ರೋಸ್ ಹಿಲ್‌ನಲ್ಲಿ ಸರ್ಕಾರಿ ಫಾರಂ ಮಾಡಿಸಿದ. 1791ರಲ್ಲಿ ಆ ಊರಿನ ಹೆಸರು ಪ್ಯಾರಮಟ್ಟಾ ಎಂದಾಯಿತು. ಅಲ್ಲಿ ಒಂದಿಷ್ಟು ಗೋಧಿ ಬೆಳೆಯಿತು. 1789ರ ಕೊನೆಯ ಸುಗ್ಗಿಯಲ್ಲಿ 200 ಬುಷೆಲ್ ದಾಟಿತು, ಅಂದರೆ ಐದೂವರೆ ಟನ್. ಅದನ್ನು ತಿನ್ನುವ ಹಾಗಿಲ್ಲ, ಬಿತ್ತನೆಗೆ ಇಡಬೇಕು.

ಊಟವೆಲ್ಲ ಉಗ್ರಾಣದ ಪಡಿಯ ಮೇಲೆ. ಅದು ಬರುವುದು ಹಡಗಿನಲ್ಲಿ. 1789ರ ಡಿಸೆಂಬರಿನಲ್ಲಿ ಸಾಮಾನು ತುಂಬಿ ಬರುತ್ತಿದ್ದ ‘ಗಾರ್ಡಿಯನ್’ ದಕ್ಷಿಣದ ಸಮುದ್ರದಲ್ಲಿ ಹಿಮಗಡ್ಡೆಗೆ ಬಡಿಯಿತು. 1790ರ ಮಾರ್ಚಿನಲ್ಲಿ ‘ಸಿರಿಯಸ್’ ನಾರ್ಫೋಕ್ ದ್ವೀಪದ ಬಂಡೆಗೆ ಸಿಕ್ಕಿ ಒಡೆಯಿತು. ಏಪ್ರಿಲ್ ಹೊತ್ತಿಗೆ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದದ್ದು ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಉಪ್ಪು ಹಂದಿಮಾಂಸ. ಕಿಲೋ ಲೆಕ್ಕದಲ್ಲಿ ಹಿಟ್ಟು 1.1, ಅಕ್ಕಿ 0.9, ಮಾಂಸ 0.9. ಗವರ್ನರ್‌ಗೂ ಅಷ್ಟೇ, ಕೈದಿಗೂ ಅಷ್ಟೇ. ಮಾಂಸ ಉಪ್ಪು ಹಾಕಿ ಮೂರು-ನಾಲ್ಕು ವರ್ಷವಾದದ್ದು. ಬೆಂಕಿಗೆ ಹಿಡಿದರೆ ಅದರಿಂದ ಇಳಿಯುವ ಒಂದೊಂದು ಹನಿ ಕೊಬ್ಬನ್ನೂ ಕೆಳಗೆ ಬ್ರೆಡ್ಡೋ ಅಕ್ಕಿಯ ತಟ್ಟೆಯೋ ಇಟ್ಟು ಹಿಡಿಯುತ್ತಿದ್ದರು. ಅಕ್ಕಿ ಹುಳಗಳಿಂದ ಓಡಾಡುತ್ತಿತ್ತು. ಗವರ್ನರ್ ಮನೆಗೆ ಊಟಕ್ಕೆ ಕರೆದರೂ ನಿಮ್ಮ ನಿಮ್ಮ ರೊಟ್ಟಿ ನೀವೇ ತನ್ನಿ ಎಂದು ಹೇಳುವ ಸ್ಥಿತಿ.

ರೂಸ್ ಜಮೀನು ಕೇಳಿದ್ದು ಇಂಥ ಕಾಲದಲ್ಲಿ.

ಕಾಗದ ಇಲ್ಲದ ಬಿಡುಗಡೆ

1789ರ ಜುಲೈಗೆ ಅವನ ಏಳು ವರ್ಷ ಮುಗಿಯಿತು. ಮುಗಿಯಿತು ಎಂದು ಹೇಳಿದವನು ಅವನೇ. ಯಾಕೆಂದರೆ ಕೈದಿಗಳ ಶಿಕ್ಷೆಯ ಕಾಗದಪತ್ರಗಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಬಂದಿದ್ದರು! ಏಳುನೂರಕ್ಕೂ ಮಿಕ್ಕ ಕೈದಿಗಳನ್ನು ಹಡಗಿಗೆ ಏರಿಸಿದರು, ಯಾರಿಗೆ ಎಷ್ಟು ಶಿಕ್ಷೆ ಎಂಬ ಪಟ್ಟಿಯನ್ನು ಮಾತ್ರ ಮರೆತರು. ಸರ್ಕಾರಿ ಕಚೇರಿಗಳಿಗೆ ಅಲೆದವರಿಗೆ ಇದರಲ್ಲಿ ಆಶ್ಚರ್ಯ ಆಗಲಿಕ್ಕಿಲ್ಲ.

‘ನನ್ನ ಅವಧಿ ಮುಗಿಯಿತು’ ಎನ್ನುವುದು ಅಪಾಯದ ಮಾತೂ ಆಗಿತ್ತು. ಅದೇ ತಿಂಗಳು ಇನ್ನೊಬ್ಬ ಕೈದಿ ಹೀಗೇ ಹೇಳಲು ಹೋಗಿ, ಮಾತಿನ ನಡುವೆ ಒಬ್ಬ ದೊಡ್ಡ ಅಧಿಕಾರಿಯ ಹೆಸರು ಎಳೆದ. ಅವನಿಗೆ 600 ಛಡಿಯೇಟು, ಆರು ತಿಂಗಳು ಸಂಕೋಲೆ ವಿಧಿಸಿದರು. ರೂಸ್ ಹಕ್ಕು ಕೇಳಲಿಲ್ಲ, ಜಮೀನು ಕೇಳಿದ. ಬೇಸಾಯ ಗೊತ್ತು, ಒಂದು ತುಂಡು ನೆಲ ಕೊಡಿ, ನನ್ನ ಹೊಟ್ಟೆ ನಾನೇ ಹೊರೆದುಕೊಳ್ಳುತ್ತೇನೆ ಎಂದ. ಫಿಲಿಪ್‌ಗೂ ಇಂಥದೇ ಒಬ್ಬ ಬೇಕಾಗಿದ್ದ. ದುಡಿಯುವ ಒಬ್ಬ ಮನುಷ್ಯ ಈ ನೆಲದಲ್ಲಿ ಎಷ್ಟು ದಿನದಲ್ಲಿ ಉಗ್ರಾಣ ಬಿಟ್ಟು ಬದುಕಬಲ್ಲ? ಲಂಡನ್ನಿನವರು ಕೇಳುತ್ತಿದ್ದ ಈ ಪ್ರಶ್ನೆಗೆ ಅವನಿಗೂ ಉತ್ತರ ಬೇಕಿತ್ತು.

1789ರ ನವೆಂಬರಿನಲ್ಲಿ ರೋಸ್ ಹಿಲ್ ಪಕ್ಕದ ಕ್ಲೇ ಕ್ಲಿಫ್ ಹಳ್ಳದ ಬಳಿ ರೂಸ್‌ಗೆ ಜಾಗ ತೋರಿಸಿದರು. ಒಂದು ಗುಡಿಸಲು, ಸ್ವಲ್ಪ ಕಡಿದು ಕೊಟ್ಟ ನೆಲ, ಬೀಜ, ಗುದ್ದಲಿ-ಕೊಡಲಿ, ಎರಡು ಹೆಣ್ಣು ಹಂದಿ, ಆರು ಕೋಳಿ, ಮತ್ತೆ ಬೆಳೆ ಕೈಗೆ ಬರುವವರೆಗೆ ಉಗ್ರಾಣದ ಪಡಿ. ಹಕ್ಕುಪತ್ರ ಏನೂ ಇಲ್ಲ. ಮಾಡಿ ತೋರಿಸು, ಆಮೇಲೆ ನೋಡೋಣ ಎಂಬ ಲೆಕ್ಕ. ಆ ಜಾಗಕ್ಕೆ ‘ಎಕ್ಸ್‌ಪೆರಿಮೆಂಟ್ ಫಾರ್ಮ್’, ಅಂದರೆ ಪ್ರಯೋಗದ ಹೊಲ ಎಂಬ ಹೆಸರು ಬಿತ್ತು. ಪ್ರಯೋಗ ನಡೆದದ್ದು ಮಣ್ಣಿನ ಮೇಲಷ್ಟೇ ಅಲ್ಲ, ಮನುಷ್ಯನ ಮೇಲೂ.

ಎರಡು ಗುಂಟೆಯ ಗುಟ್ಟು

ಒಂದು ವರ್ಷದ ಮೇಲೆ, 1790ರ ನವೆಂಬರಿನಲ್ಲಿ, ಮೆರೀನ್ ಪಡೆಯ ಅಧಿಕಾರಿ ವಾಟ್ಕಿನ್ ಟೆಂಚ್ ಈ ಹೊಲ ನೋಡಲು ಬಂದ. ಟೆಂಚ್ ಕುತೂಹಲದ ಮನುಷ್ಯ. ರೂಸ್‌ನನ್ನು ಕೂರಿಸಿಕೊಂಡು ಹೇಗೆ ಮಾಡಿದೆ ಎಂದು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಂಡ. ಈ ಪ್ರಕರಣದ ಜೀವಾಳ ಈ ಮಾತುಕತೆ.

ಬಿದ್ದ ಮರಗಳನ್ನು ಸುಟ್ಟೆ, ಬೂದಿಯನ್ನು ಮಣ್ಣಿಗೇ ಅಗೆದು ಸೇರಿಸಿದೆ ಎಂದ ರೂಸ್. ನಮ್ಮ ಮಲೆನಾಡಿನ ಕುಮರಿ ಬೇಸಾಯ ಕೇಳಿದವರಿಗೆ ಇದು ಹೊಸದಲ್ಲ. ಮುಂದಿನದು ಹೊಸದು. ಗುದ್ದಲಿಯಲ್ಲಿ ಅಗೆಯುವಾಗ ದಿನಕ್ಕೆ ಎಂಟು ರಾಡ್, ತಪ್ಪಿದರೆ ಒಂಬತ್ತು, ಅದಕ್ಕಿಂತ ಜಾಸ್ತಿ ಯಾವತ್ತೂ ಅಗೆಯಲಿಲ್ಲವಂತೆ. ರಾಡ್ ಎಂಬುದು ಆಗಿನ ಇಂಗ್ಲಿಷ್ ಅಳತೆ. ಒಂದು ಎಕರೆಗೆ 160 ರಾಡ್. ನಮ್ಮಲ್ಲಿ ಎಕರೆಗೆ 40 ಗುಂಟೆ. ಹಾಗಾಗಿ ನಾಲ್ಕು ರಾಡ್ ಸೇರಿದರೆ ಸರಿಯಾಗಿ ಒಂದು ಗುಂಟೆ. ರೂಸ್ ದಿನಕ್ಕೆ ಅಗೆದದ್ದು ಎರಡು ಗುಂಟೆ, ಹೆಚ್ಚೆಂದರೆ ಎರಡೂಕಾಲು.

ಪಕ್ಕದ ಸರ್ಕಾರಿ ಫಾರಮ್ಮಿನಲ್ಲಿ ಒಬ್ಬ ಕೈದಿಗೆ ಕೊಟ್ಟ ಗುರಿ ದಿನಕ್ಕೆ 16 ರಾಡ್. ನಾಲ್ಕು ಗುಂಟೆ! ಹೊಟ್ಟೆಗಿಲ್ಲದ ಮೈಯಲ್ಲಿ, ಬೇರು ತುಂಬಿದ ನೆಲದಲ್ಲಿ, ಕೈಗುದ್ದಲಿಯಲ್ಲಿ. ಕೈದಿಗಳು ಏನು ಮಾಡಿದರು? ಮೇಲೆ ಮೇಲೆ ಕೆರೆದರು. ಸಂಜೆ ಮೇಸ್ತ್ರಿ ಬಂದು ಅಳೆದಾಗ ನಾಲ್ಕು ಗುಂಟೆ ಇರಬೇಕು, ಅಷ್ಟೇ. ಎಷ್ಟು ಆಳ ಎಂದು ಅಳೆಯುವವರು ಯಾರು? ಸರ್ಕಾರಿ ಫಾರಮ್ಮಿನ ಹಾಗೆ ಕೆರೆದು ಬಿಟ್ಟದ್ದಲ್ಲ ನಂದು, ಸರಿಯಾಗಿ ಮಾಡಿದ್ದು ಎಂದು ರೂಸ್ ಹೆಮ್ಮೆಯಿಂದಲೇ ಹೇಳಿದ್ದಾನೆ.

ಆಮೇಲೆ ಹೆಂಟೆ ಒಡೆದ. ಹುಲ್ಲು, ಕಳೆಯನ್ನೆಲ್ಲ ಅಗೆದು ಒಳಗೆ ಹಾಕಿದ. ಇದು ಹೆಚ್ಚುಕಡಿಮೆ ನೇಗಿಲು ಹೊಡೆದಷ್ಟೇ ಒಳ್ಳೆಯದು ಎಂಬುದು ಅವನ ಅಭಿಪ್ರಾಯ. ನೆಲವನ್ನು ಆದಷ್ಟು ದಿನ ಗಾಳಿ ಬಿಸಿಲಿಗೆ ಹಾಗೇ ಬಿಟ್ಟ. ಮಾಗಿ ಉಳುಮೆ ಮಾಡಿ ಮಣ್ಣು ಕಾಯಲು ಬಿಡುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿತ್ತುವ ಮುಂಚೆ ಇನ್ನೊಂದು ಸಲ ಪೂರ್ತಿ ಅಗೆದು ತಿರುವಿದ. ಒಂದೂವರೆ ಎಕರೆ ಗೋಧಿ ಎಂದರೆ 60 ಗುಂಟೆ. ಮೊದಲ ಅಗೆತಕ್ಕೇ ಒಂದು ತಿಂಗಳು, ಎರಡನೇ ಸಲಕ್ಕೆ ಮತ್ತಷ್ಟು ದಿನ. ಸ್ವಲ್ಪ ದಿನ ಸಹಾಯಕ್ಕೆ ಒಬ್ಬ ಕೈದಿಯನ್ನು ಗವರ್ನರ್ ಕೊಟ್ಟಿದ್ದ. ಅವನನ್ನೂ ವಾಪಸ್ ಕರೆಸಿಕೊಂಡರು.

ಎರಚಿ ಬಿತ್ತಿದ ಗೋಧಿ ಮೂರು ಬುಷೆಲ್. ಇದೇ ನೆಲದಲ್ಲಿ ಬೆಳೆದ ಬೀಜ. ಹನ್ನೆರಡು-ಹದಿಮೂರು ಬುಷೆಲ್ ಬರಬಹುದು ಎಂದು ಅವನ ಅಂದಾಜು. ಮೇ ತಿಂಗಳಲ್ಲಿ ಬಿತ್ತಿದ್ದು ಜೂನ್‌ನದ್ದಕ್ಕಿಂತ ಚೆನ್ನಾಗಿ ಬಂದಿದೆ ಎಂದ. ಅಲ್ಲಿ ಅದು ಚಳಿಗಾಲದ ಶುರು, ನೆನಪಿರಲಿ. ಅರ್ಧ ಎಕರೆ ಮುಸುಕಿನ ಜೋಳ, ಮನೆ ಹಿಂದೆ ಸ್ವಲ್ಪ ಕಾಯಿಪಲ್ಲೆ. ಜೋಳದ ಬೇಸಾಯ ನನಗೆ ಗೊತ್ತಿಲ್ಲ, ಎಷ್ಟು ಬರುತ್ತದೋ ಹೇಳಲಾರೆ ಎಂದು ಒಪ್ಪಿಕೊಂಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ರೈತನ ಮಾತು ನನಗೆ ಹಿಡಿಸುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಬುಷೆಲ್ ಗೋಧಿ ಸುಮಾರು 27 ಕಿಲೋ. ಬಿತ್ತಿದ್ದು 80 ಕಿಲೋ, ಬರುವುದು 330-350 ಕಿಲೋ. ಒಂದಕ್ಕೆ ನಾಲ್ಕು. ಮುಂದಿನ ಬಿತ್ತನೆಗೆ ತೆಗೆದಿಟ್ಟರೆ ಉಳಿಯುವುದು 260 ಕಿಲೋ ಆಸುಪಾಸು. ಕಡಿತ ಮಾಡುವ ಮುಂಚಿನ ಪೂರ್ತಿ ಪಡಿ ವಾರಕ್ಕೆ ಏಳು ಪೌಂಡ್ ಹಿಟ್ಟು, ಅಂದರೆ ಒಬ್ಬರಿಗೆ ವರ್ಷಕ್ಕೆ 165 ಕಿಲೋ. ಗಂಡ ಹೆಂಡತಿ ಇಬ್ಬರಿಗೆ 330. ಬೀಸುವಾಗ ತೌಡಿಗೆ ಹೋಗುವುದು ಬೇರೆ. ಅಂತೂ ಅಷ್ಟು ಗೆಯ್ದರೂ ಬರೀ ಗೋಧಿಯಲ್ಲಿ ಸಂಸಾರ ದಡ ಸೇರುವುದಿಲ್ಲ. ಅವನನ್ನು ಉಳಿಸಿದ್ದು ಅವನಿಗೆ ಗೊತ್ತೇ ಇಲ್ಲದ ಜೋಳ ಇರಬೇಕು. ಮುಂದಿನ ವರ್ಷ ಅವನು ಇನ್ನು ಹೆಚ್ಚಾಗಿ ಜೋಳವನ್ನೇ ಹಾಕುತ್ತೇನೆ ಎಂದದ್ದನ್ನು ನೋಡಿದರೆ ಹಾಗೇ ಅನ್ನಿಸುತ್ತದೆ.

ಹೆಂಡತಿ ಎಂದೆ. ಎಲಿಜಬೆತ್ ಪೆರಿ 1790ರ ಜೂನ್‌ನಲ್ಲಿ ‘ಲೇಡಿ ಜೂಲಿಯಾನಾ’ದಲ್ಲಿ ಬಂದವಳು. ಅದು ಹೆಂಗಸು ಕೈದಿಗಳ ಹಡಗು. ಅದೇ ವರ್ಷ ಸೆಪ್ಟೆಂಬರ್ 5ರಂದು ಇಬ್ಬರ ಮದುವೆಯಾಯಿತು. ಈಗ ನನಗೆ ಸಹಾಯಕ್ಕೆ ಇವಳೊಬ್ಬಳೇ, ದುಡಿಯುವವಳು ಎಂದು ರೂಸ್ ಟೆಂಚ್‌ಗೆ ಹೇಳಿದ. ಅವಳ ಬಗ್ಗೆ ಅಲ್ಲಿ ಸಿಗುವುದು ಅಷ್ಟೇ ಮಾತು. ಗುಂಟೆ ಲೆಕ್ಕದಲ್ಲಿ ಅವಳ ಪಾಲು ಎಷ್ಟೆಂದು ಯಾರೂ ಕೇಳಲಿಲ್ಲ.

ಗೋಧಿ ಹುಲ್ಲನ್ನು ಗುಂಡಿಯಲ್ಲಿ ಹೂತು, ಕೊಳೆಯುವುದೆಲ್ಲವನ್ನೂ ಅದಕ್ಕೆ ಸೇರಿಸಿ ಗೊಬ್ಬರ ಮಾಡುವ ಯೋಚನೆಯೂ ರೂಸ್‌ಗೆ ಇತ್ತು. ನಮ್ಮ ತಿಪ್ಪೆಗುಂಡಿಯೇ. ಮಣ್ಣು ಹೇಗಿದೆ ಎಂದರೆ ಮಧ್ಯಮ, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಎಂದ. ಗೊಬ್ಬರ ಇದ್ದರೆ ಮಾಡಿ ತೋರಿಸುತ್ತೇನೆ, ಆದರೆ ದನ ಇಲ್ಲದಿದ್ದರೆ ಈ ನೆಲ ಕೈಕೊಡುತ್ತದೆ ಎಂದೂ ಸೇರಿಸಿದ. ಈ ಒಂದು ಮಾತನ್ನು ಹಿಡಿದುಕೊಂಡಿರಿ.

ಅವನ ದೊಡ್ಡ ತಲೆನೋವು ಯಾವುದು ಗೊತ್ತಾ? ಕಳ್ಳರು. ಎಷ್ಟು ಕಾದರೂ ಕೈದಿಗಳು ಹೆಚ್ಚುಕಡಿಮೆ ದಿನಾ ರಾತ್ರಿ ಬಂದು ಕದಿಯುತ್ತಾರೆ ಎಂದು ಗೋಳಾಡಿದ. ಹೇಳುತ್ತಿರುವವನು ಎರಡು ಗಡಿಯಾರದ ರೂಸ್. ನಗು ಬರುತ್ತದೆ. ಆದರೆ ಬರುತ್ತಿದ್ದವರು ಗಡಿಯಾರಕ್ಕೆ ಬರುತ್ತಿರಲಿಲ್ಲ, ಹಸಿ ತೆನೆಗೆ ಬರುತ್ತಿದ್ದರು.

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅದನ್ನು ಯಾವಾಗಲೂ ಹೇಳುವುದು ಹೊಲದ ಒಡೆಯ, ಆಳನ್ನು ಬೈಯಲು. ರೂಸ್‌ನ ಪ್ರಕರಣದಲ್ಲಿ ಆಳೂ ಅವನೇ, ಒಡೆಯನೂ ಅವನೇ. ಇವನೂ ಸರ್ಕಾರಕ್ಕೆ ದುಡಿದವನೇ, ಆಗ ಇವನನ್ನು ಯಾರೂ ಹೊಗಳಲಿಲ್ಲ. ಅದೇ ಕೈ, ಅದೇ ಕೆಟ್ಟ ಗುದ್ದಲಿ, ಅದೇ ಅರೆಹೊಟ್ಟೆ. ಬದಲಾದದ್ದು ಇಷ್ಟೇ: ನಾಲ್ಕು ಗುಂಟೆ ಕೆರೆಯಬೇಕೋ ಎರಡು ಗುಂಟೆ ಅಗೆಯಬೇಕೋ ಎಂದು ಈಗ ಅವನೇ ತೀರ್ಮಾನ ಮಾಡಬಹುದಿತ್ತು. ಕೈದಿಗಳು ಸೋಮಾರಿಗಳು ಎಂದು ಅಧಿಕಾರಿಗಳು ಪುಟಗಟ್ಟಲೆ ಬರೆದಿದ್ದಾರೆ. ಅವರ ಪಕ್ಕದಲ್ಲೇ ಇದ್ದ ಈ ಎರಡು ಎಕರೆ ಬೇರೆಯೇ ಹೇಳುತ್ತದೆ.

ಆ ನೆಲ ಯಾರದ್ದು

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಚಂದ. ಆಸ್ಟ್ರೇಲಿಯಾದಲ್ಲಿ ಬಹಳ ಕಾಲ ಇಲ್ಲಿಗೇ ನಿಲ್ಲಿಸುತ್ತಿದ್ದರು ಕೂಡ.

ರೋಸ್ ಹಿಲ್ ಸುತ್ತಲಿನದು ಬರ್ರಮಟ್ಟಗಲ್ ಜನರ ನೆಲ. ದರುಗ್ ಮಾತಾಡುವ ಮೂಲನಿವಾಸಿಗಳು. ಹಾವುಮೀನು ಸಿಗುವ ಜಾಗ ಎಂಬುದೇ ಪ್ಯಾರಮಟ್ಟಾ ಹೆಸರಿನ ಅರ್ಥ. ರೂಸ್ ಹೊಲಕ್ಕೆ ಇಳಿದದ್ದು 1789ರ ನವೆಂಬರಿನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಸಿಡ್ನಿ ಸುತ್ತಮುತ್ತ ಸಿಡುಬು ಎದ್ದಿತ್ತು. ಅಲ್ಲಿನ ಮೂಲನಿವಾಸಿಗಳಲ್ಲಿ ಅರ್ಧ ಜನ ಸತ್ತರು ಎಂದು ಫಿಲಿಪ್‌ನೇ ಅಂದಾಜು ಮಾಡಿದ. ಹಳ್ಳದ ಬದಿಯ ಆ ನೆಲ ಖಾಲಿ ಕಂಡಿದ್ದರೆ ಅದಕ್ಕೆ ಏಳು ತಿಂಗಳ ಹಿಂದಿನ ಕಾರಣವೂ ಇತ್ತು. 1790ರಲ್ಲಿ ಮೌಗೊರಾನ್ ಎಂಬ ಹಿರಿಯ ಬಂದು, ರೋಸ್ ಹಿಲ್‌ಗೆ ಇಷ್ಟೊಂದು ಜನ ಬಂದು ಕೂತಿರುವುದಕ್ಕೆ ನಮ್ಮವರಿಗೆ ಸಿಟ್ಟು ಬಂದಿದೆ ಎಂದು ಗವರ್ನರ್‌ಗೆ ಹೇಳಿದ. ಗವರ್ನರ್ ಅಲ್ಲಿಗೆ ಇನ್ನಷ್ಟು ಸೈನಿಕರನ್ನು ಕಳಿಸಿದ.

ರೂಸ್‌ಗೆ ಇದೆಲ್ಲ ಎಷ್ಟು ಗೊತ್ತಿತ್ತೋ. ನೆಲ ಇಲ್ಲದವನಿಗೆ ನೆಲ ಸಿಕ್ಕಿತ್ತು. ಕೊಟ್ಟವನದ್ದಲ್ಲದ ನೆಲ.

ಉಗ್ರಾಣ ಬಿಟ್ಟ ದಿನ

1790ರ ನಡುವಿನಿಂದ ಮಳೆ ಕೈಕೊಟ್ಟಿತು. 1791ರ ಫೆಬ್ರವರಿಯಲ್ಲಿ ಎಂಥ ಬಿಸಿಲೆಂದರೆ ರೋಸ್ ಹಿಲ್‌ನಲ್ಲಿ ತೋಳಬಾವಲಿಗಳು ಮರದಿಂದ ಸತ್ತು ಉದುರಿದವು. ಹಕ್ಕಿಗಳೂ ಉದುರಿದವು. ಅದೇ ತಿಂಗಳು ರೂಸ್ ಗವರ್ನರ್ ಬಳಿ ಹೋಗಿ, ನನಗೆ ಇನ್ನು ಉಗ್ರಾಣದ ಪಡಿ ಬೇಡ ಎಂದ. ಹೊಲಕ್ಕೆ ಇಳಿದು ಹದಿನೈದು ತಿಂಗಳಾಗಿತ್ತು. ಪಡಿ ಬಿಟ್ಟದ್ದು ಅವನೊಬ್ಬನೇ. ಎಲಿಜಬೆತ್‌ಳದ್ದು ವರ್ಷದ ಕೊನೆವರೆಗೂ ನಡೆಯಿತು. ಹುಷಾರಿನ ಮನುಷ್ಯ.

ಫಿಲಿಪ್ ಮಾತು ಉಳಿಸಿಕೊಂಡ. 30 ಎಕರೆ. 1792ರ ಫೆಬ್ರವರಿ 22ರ ತಾರೀಖಿನ ಹಕ್ಕುಪತ್ರ. ವಸಾಹತಿನ ಮೊದಲ ಭೂ ಮಂಜೂರಾತಿ ಇದೇ.

ಅದಕ್ಕೂ ಮುಂಚೆ, 1791ರ ಡಿಸೆಂಬರಿನಲ್ಲಿ, ಟೆಂಚ್ ಇನ್ನೊಂದು ಸಲ ಬಂದು ನೋಡಿದಾಗ ಹನ್ನೊಂದೂವರೆ ಎಕರೆ ಸಾಗುವಳಿಯಲ್ಲಿತ್ತು. ನಾಲ್ಕು ಮರಿ ಹಾಕುವ ಹಂದಿ, ಮೂವತ್ತು ಕೋಳಿ. ಗವರ್ನರ್ ಕಟ್ಟಿಸಿಕೊಟ್ಟ ಇಟ್ಟಿಗೆ ಮನೆ. ದ್ರಾಕ್ಷಿ, ಹೊಗೆಸೊಪ್ಪು ಹಾಕುತ್ತೀಯಾ ಎಂಬ ಮಾತು ಬಂದಾಗ, ಗೊತ್ತಿರುವ ದಾರಿ ಬಿಟ್ಟು ಗೊತ್ತಿಲ್ಲದ್ದಕ್ಕೆ ಹೋಗುವವನಲ್ಲ ನಾನು ಎಂದ.

ಇನ್ನೂ ಕೆಲವು ಎಕರೆ ಕಾಡು ಕಡಿದಾಗಿತ್ತು. ಕಡಿದವರು ಬೇರೆ ಕೈದಿಗಳು. ಸರ್ಕಾರಿ ಕೆಲಸ ಆಗ ಬೆಳಿಗ್ಗೆ ಐದರಿಂದ ಹನ್ನೊಂದು, ಮತ್ತೆ ಎರಡರಿಂದ ಹೊತ್ತು ಮುಳುಗುವವರೆಗೆ. ಅದರ ನಡುವೆ ಸಿಕ್ಕ ಬಿಡುವಿನಲ್ಲಿ ಬಂದು ಇವನ ಮರ ಕಡಿಯುತ್ತಿದ್ದರು. ಕೂಲಿಯ ಬದಲು ಆ ನೆಲದ ಮೊದಲ ವರ್ಷದ ಬೆಳೆ ಅವರಿಗೆ. ಅಷ್ಟು ದಣಿದವರು ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಬ್ಬನ ಹೊಲಕ್ಕೆ ಯಾಕೆ ಬರುತ್ತಿದ್ದರು? ಒಂದು ಬೆಳೆಯಾದರೂ ತಮ್ಮದು ಅಂತ. ಒಬ್ಬ ಕೈದಿಯನ್ನು ಸಾಕುವ ಶಕ್ತಿ ಬಂದರೆ ರೂಸ್‌ಗೆ ಒಬ್ಬ ಆಳನ್ನೂ ಕೊಡುವುದಾಗಿ ಮಾತಾಗಿತ್ತು. ಎರಡು ವರ್ಷದಲ್ಲಿ ಕೈದಿ ಒಡೆಯನಾಗುವ ಹಂತಕ್ಕೆ ಬಂದಿದ್ದ.

ನಲವತ್ತು ಪೌಂಡ್

1793ರ ಅಕ್ಟೋಬರಿನಲ್ಲಿ ರೂಸ್ ಆ ಹೊಲವನ್ನು ಮಾರಿಬಿಟ್ಟ. 40 ಪೌಂಡಿಗೆ.

ಮೊದಲ ಸಲ ಓದಿದಾಗ ನನಗೂ ಬೇಜಾರಾಗಿತ್ತು. ಆದರೆ ಆ ಎರಡು ವರ್ಷದಲ್ಲಿ ಏನೇನಾಯಿತು ನೋಡಿ. 1792ರ ಡಿಸೆಂಬರಿನಲ್ಲಿ ಫಿಲಿಪ್ ಇಂಗ್ಲೆಂಡಿಗೆ ಹೊರಟುಹೋದ. ಅಧಿಕಾರ ಬಂದದ್ದು ಸೈನ್ಯದ ಮೇಜರ್ ಗ್ರೋಸ್ ಕೈಗೆ. ಅವನು ಅಧಿಕಾರಿಗಳಿಗೆ ನೂರು ನೂರು ಎಕರೆ ಜಮೀನು, ಜೊತೆಗೆ ಹತ್ತತ್ತು ಕೈದಿ ಆಳುಗಳನ್ನು ಕೊಟ್ಟ. ಹಡಗಿನಲ್ಲಿ ಬರುವ ರಮ್ ಮತ್ತು ಸಾಮಾನಿನ ವ್ಯಾಪಾರವೂ ಅವರದ್ದೇ. ಒಬ್ಬನೇ ಅಗೆಯುವ ಸಣ್ಣ ರೈತ ಇವರ ಎದುರು ಎಷ್ಟು ದಿನ ನಿಲ್ಲುತ್ತಾನೆ?

ಇನ್ನೊಂದು ಕಡೆ, ಹೊರಗಿನ ಧಾನ್ಯ ಬರುತ್ತಲೇ ಇತ್ತು. 1792ರ ಜೂನ್‌ನಲ್ಲಿ ‘ಅಟ್ಲಾಂಟಿಕ್’ ಹಡಗು ಕಲ್ಕತ್ತದಿಂದ ಅಕ್ಕಿ, ಸೂಜಿ ಮತ್ತು ದಾಲ್ ತುಂಬಿಕೊಂಡು ಬಂತು. ಸೂಜಿ ಎಂದರೆ ನಮ್ಮ ಸೋಜಿ, ರವೆ! ಕಾರ್ನ್‌ವಾಲಿನ ರೈತ ಮೈಮುರಿದು ಗೋಧಿ ಬೆಳೆಯುತ್ತಿದ್ದ ಊರಿನ ಉಗ್ರಾಣದಲ್ಲಿ ಕೈದಿಗಳಿಗೆ ರವೆ ಮತ್ತು ಬೇಳೆ ಅಳೆದು ಕೊಡುತ್ತಿದ್ದರು. ಅದನ್ನು ಏನು ಮಾಡಿಕೊಂಡು ತಿನ್ನಬೇಕೆಂದು ಪಾಪ ಅವರಿಗೆ ಹೇಳಿಕೊಟ್ಟವರಿರಲಿಕ್ಕಿಲ್ಲ. ಉಪ್ಪಿಟ್ಟಂತೂ ಮಾಡಿರಲಾರರು.

ಇವೆಲ್ಲ ಸುತ್ತಲಿನ ಕಾರಣ. ಅಸಲು ಕಾರಣವನ್ನು ರೂಸ್ ಮೂರು ವರ್ಷ ಮುಂಚೆಯೇ ಹೇಳಿಯಾಗಿತ್ತು ಎಂದು ನನ್ನ ಅನಿಸಿಕೆ. ದನ ಇಲ್ಲದಿದ್ದರೆ ಈ ನೆಲ ಕೈಕೊಡುತ್ತದೆ. ಬೂದಿಯ ಕಸುವು ಒಂದೆರಡು ಬೆಳೆಗೆ ಮುಗಿಯುತ್ತದೆ, ಕುಮರಿ ಮಾಡುವವರು ಜಾಗ ಬದಲಿಸುವುದು ಅದಕ್ಕೇ. ನಾಲ್ಕು ಹಂದಿ, ಮೂವತ್ತು ಕೋಳಿಯ ಗೊಬ್ಬರ ಹನ್ನೊಂದು ಎಕರೆಗೆ ಎಲ್ಲಿ ಸಾಲುತ್ತದೆ?

ಕೊಂಡವನು ಸೈನ್ಯದ ಸರ್ಜನ್ ಜಾನ್ ಹ್ಯಾರಿಸ್. ಆಮೇಲೆ ಅವನು ಸುತ್ತಲಿನ ಜಮೀನುಗಳನ್ನೂ ಸೇರಿಸಿಕೊಂಡು ದೊಡ್ಡ ಆಸ್ತಿವಂತನಾದ. 1830ರ ದಶಕದಲ್ಲಿ ಅವನು ಅಲ್ಲಿ ಕಟ್ಟಿಸಿದ ಮನೆ ಈಗಲೂ ಇದೆ, ‘ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್’ ಎಂದು. ಮನೆ ಇರುವ ಬೀದಿಗೆ ರೂಸ್ ಸ್ಟ್ರೀಟ್ ಎಂದು ಹೆಸರು. ಬೀದಿ ರೂಸ್‌ಗೆ, ಬಡಾವಣೆ ಹ್ಯಾರಿಸ್‌ಗೆ. ಹೌದು, ಇದು ಅದೇ ಹ್ಯಾರಿಸ್ ಪಾರ್ಕ್. ಸಿಡ್ನಿಯ ಜನ ‘ಲಿಟಲ್ ಇಂಡಿಯಾ’ ಎಂದು ಕರೆಯುವ ಜಾಗ. ದೋಸೆ ತಿನ್ನಲು ವಿಗ್ರಾಮ್ ಸ್ಟ್ರೀಟಿಗೆ ಹೋದವರು ಐದು-ಹತ್ತು ನಿಮಿಷ ನಡೆದರೆ ರೂಸ್ ಅಗೆದ ನೆಲ ಸಿಗುತ್ತದೆ. ಈಗ ರವೆ ಏನು ಮಾಡಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತು.

ನದಿಯ ಗೊಬ್ಬರ

1794ರ ಜನವರಿಯಲ್ಲಿ ರೂಸ್ ಹಾಕ್ಸ್‌ಬರಿ ನದಿ ದಂಡೆಗೆ ಹೋದ. ಅಲ್ಲಿಗೆ ಮೊದಲು ಹೋದ 22 ಕುಟುಂಬಸ್ಥರಲ್ಲಿ ಅವನೂ ಒಬ್ಬ. ಮೆಕ್ಕಲು ಮಣ್ಣು. ಗೊಬ್ಬರ ಬೇಡ, ದನ ಬೇಡ, ನದಿಯೇ ಗೊಬ್ಬರ ತಂದು ಹಾಕುತ್ತದೆ. ರೂಸ್‌ನ ಲೆಕ್ಕ ಅಲ್ಲಿಗೆ ಸರಿ.

ಆದರೆ ಗೊಬ್ಬರ ತರುವ ನದಿ ಬೆಳೆಯನ್ನೂ ಹೊತ್ತುಕೊಂಡು ಹೋಗುತ್ತದೆ. 1801ರಲ್ಲಿ ಪ್ರವಾಹ, 1806ರಲ್ಲಿ ಇನ್ನೂ ದೊಡ್ಡದು, 1809ರಲ್ಲಿ ಮತ್ತೆ. ದಂಡೆಯ ಉದ್ದಕ್ಕೂ ದರುಗ್ ಜನ ಅಗೆದು ತಿನ್ನುತ್ತಿದ್ದ ಗೆಣಸಿನ ಜಾಗದಲ್ಲಿ ಈಗ ಜೋಳ ನಿಂತಿತ್ತು. ಅವರು ಜೋಳ ಕೊಯ್ಯಲು ಬಂದರೆ ಗುಂಡು ಹಾರುತ್ತಿತ್ತು. 1794ರಿಂದ ಶುರುವಾದ ಆ ಹೊಡೆದಾಟ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ರೂಸ್ ಅಡವಿಟ್ಟ, ಮಾರಿದ, ಸ್ವಲ್ಪ ಕಾಲ ಹಡಗಿನಲ್ಲಿ ಕೂಲಿ ಮಾಡಿದ. ಆಗೆಲ್ಲ ಮಕ್ಕಳನ್ನೂ ಹೊಲವನ್ನೂ ನೋಡಿಕೊಂಡವಳು ಎಲಿಜಬೆತ್. ಮುಂದೆ ಬೇರೆ ಕಡೆ ಮತ್ತೆ ಜಮೀನು ಮಂಜೂರಾಯಿತು. ಯಾವುದೂ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲಿಲ್ಲ. 1828ರ ಜನಗಣತಿ ಹೊತ್ತಿಗೆ ಲೋಯರ್ ಮಿಂಟೋದಲ್ಲಿ ಇನ್ನೊಬ್ಬರ ಜಮೀನಿನಲ್ಲಿ ಮೇಸ್ತ್ರಿಯಾಗಿದ್ದ. ವಯಸ್ಸು ಎಪ್ಪತ್ತರ ಹತ್ತಿರ. ಆಗಿನ ಹೊಲಗಳಲ್ಲಿ ಆಳು ಎಂದರೆ ಹೆಚ್ಚಾಗಿ ಕೈದಿಗಳೇ. ಸಂಜೆ ಅವರ ಕೆಲಸ ಅಳೆಯುವಾಗ ಅವನು ಆಳ ನೋಡುತ್ತಿದ್ದನೋ ಅಗಲ ನೋಡುತ್ತಿದ್ದನೋ.

ಕಲ್ಲಿನ ಮೇಲಿನ ಅಕ್ಷರ

1837ರ ಸೆಪ್ಟೆಂಬರ್ 5ರಂದು ರೂಸ್ ಕ್ಯಾಂಬೆಲ್‌ಟೌನ್‌ನಲ್ಲಿ ತೀರಿಕೊಂಡ. ಮದುವೆಯಾಗಿ ಸರಿಯಾಗಿ 47 ವರ್ಷಕ್ಕೆ, ಅದೇ ದಿನ. ಎಲಿಜಬೆತ್ ಅವನಿಗಿಂತ ಮುಂಚೆ ಹೋಗಿದ್ದಳು. ಅವನನ್ನು ಅಲ್ಲಿನ ಸೇಂಟ್ ಜಾನ್ಸ್ ಕ್ಯಾಥೊಲಿಕ್ ಸ್ಮಶಾನದಲ್ಲಿ ಹೂತರು.

ಸಮಾಧಿಯ ಕಲ್ಲನ್ನು ಅವನೇ ಕೆತ್ತಿಕೊಂಡಿದ್ದ ಎಂದು ಹೇಳುತ್ತಾರೆ. ಅಕ್ಷರ ನೋಡಿದರೆ ನಂಬಬೇಕು ಅನ್ನಿಸುತ್ತದೆ. ಟೆಂಚ್ ಬರೆದುಕೊಂಡ ರೂಸ್ ಓದಿದ ಅಧಿಕಾರಿಯ ಹಾಗೆ ನೀಟಾಗಿ ಮಾತಾಡುತ್ತಾನೆ. ಕಲ್ಲಿನ ಮೇಲಿನ ರೂಸ್ ಹಾಗಲ್ಲ. ‘ಫಸ್ಟ್’ ಎಂಬಲ್ಲಿ ‘ಫೋರ್ಸ್ಟ್’ ಎಂದು ಕೆತ್ತಿದ್ದಾನೆ. ‘ಕಾಲೊನಿ’ ಎಂಬ ಮಾತು ಎರಡು ಸಲ ಬರುತ್ತದೆ, ಎರಡು ಸಲವೂ ತಪ್ಪು, ಅದೂ ಬೇರೆ ಬೇರೆ ತಪ್ಪು. ನಮ್ಮಲ್ಲಿ ಕೆಲವರ ಬಾಯಲ್ಲಿ ‘ಹಾಲು’ ‘ಆಲು’ ಆಗಿ, ‘ಆನೆ’ ‘ಹಾನೆ’ ಆಗುತ್ತದಲ್ಲ, ಹಾಗೆ ‘ಅವರ್ ಲಾರ್ಡ್’ ಎನ್ನುವಲ್ಲಿ ‘ಅವರ್’ ಪದದ ಮುಂದೆ ಬೇಡದ ಒಂದು ಹಕಾರ ಸೇರಿಕೊಂಡಿದೆ. ಆ ಹಕಾರದಲ್ಲಿ ಕಾರ್ನ್‌ವಾಲಿನ ಹೊಲಗೆಲಸದವನ ದನಿ ಈಗಲೂ ಕೇಳಿಸುತ್ತದೆ.

ಬರೆದಿರುವುದು ಇಷ್ಟು. ನನ್ನ ತಾಯಿ ನನ್ನನ್ನು ಅಕ್ಕರೆಯಿಂದ ಸಾಕಿದಳು, ನನಗಾಗಿ ಬಹಳ ಕಷ್ಟಪಟ್ಟಳು. ಈ ನಾಡಿಗೆ ಬಂದ ಮೇಲೆ ಮೊದಲ ಕಾಳು ಬಿತ್ತಿದವನು ನಾನು. ಈಗ ಸ್ವರ್ಗದಲ್ಲಿರುವ ನನ್ನ ತಂದೆಯ ಜೊತೆ ಎಂದೆಂದಿಗೂ ಇರುವ ಆಸೆ.

ಕೈದಿ ಎಂಬ ಮಾತಿಲ್ಲ. ಮೊದಲ ಹಡಗು ತಂಡದಲ್ಲಿ ಬಂದೆ ಎಂದು ಮಾತ್ರ ಇದೆ, ತಾನೇ ಟಿಕೆಟ್ ತೆಗೆದುಕೊಂಡು ಬಂದ ಹಾಗೆ. ಮೊದಲ ಕಾಳಿನ ಮಾತು ನಿಜವೂ ಅಲ್ಲ. ಅವನು ಹೊಲಕ್ಕೆ ಇಳಿಯುವ ಮುಂಚೆಯೇ ಸರ್ಕಾರಿ ಫಾರಮ್ಮಿನಲ್ಲಿ ಗೋಧಿ ಬಿತ್ತಿಯಾಗಿತ್ತು. ಅವನ ಬೀಜವೂ ಬಹುಶಃ ಅಲ್ಲಿಂದಲೇ ಬಂದದ್ದು. ಆ ಗೋಧಿ ಬಿತ್ತಿದ ಕೈದಿಗಳಲ್ಲಿ ಒಬ್ಬರಿಗೂ ಅದು ನಾನು ಬಿತ್ತಿದ್ದು ಎಂದು ಕಲ್ಲಿನ ಮೇಲೆ ಕೆತ್ತಬೇಕು ಅನ್ನಿಸಲಿಲ್ಲ.